ಕೆಮ್ಮಿನ ಆವಕ

ಕೋಲಾರದ ಟೊಮೆಟೊ ಮಂಡಿಯ ಪಕ್ಕದ ಚಹಾದಂಗಡಿಯಲ್ಲಿ ಕುಳಿತು ಮಂಡಿ ಸಾಹುಕಾರರು, ಊರಿನಲ್ಲಿ ಈ ಬಾರಿ ಜ್ವರ ವಿಪರೀತವೆಂದೂ, ಸೋಮವಾರ ಆಸ್ಪತ್ರೆಯ ಚೀಟಿ ಕೌಂಟರಿನ ಮುಂದೆ ನಿಂತಿದ್ದ ಸಾಲೇ ಅದಕ್ಕೆ ಸಾಕ್ಷಿಯೆಂದೂ ತೀರ್ಪು ಕೊಟ್ಟರು. ‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂದು ಮೇಷ್ಟ್ರು ಗಾದೆಯೊಂದನ್ನು ಒಗೆದರು.

ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರಿಗೆ ಇಷ್ಟು ಸಾಕಾಯಿತು. “ಭಾನುವಾರ ಹೊರರೋಗಿ ವಿಭಾಗಕ್ಕೆ ಬೀಗ ಬಿದ್ದ ಮೇಲೆ ಸೋಮವಾರ ಸಾಲು ಬೆಳೆಯದೆ ಇನ್ನೇನಾದೀತು, ಸಾಹುಕಾರರೇ? ತುರ್ತು ಚಿಕಿತ್ಸೆಗೆ ಬಂದ ನೂರು ಜನರಲ್ಲಿ ಜ್ವರ, ಕೆಮ್ಮು ಎಂದವರು ಎಷ್ಟು ಮಂದಿ ಎಂದು ಕೇಳಿ; ಆ ಪಾಲು ವಾರದಿಂದ ವಾರಕ್ಕೆ ಏರುತ್ತಿದ್ದರೆ ಆಗ ಎಚ್ಚರಗೊಳ್ಳಬೇಕು.”

“ಬಂದ ಒಟ್ಟು ಬಾಕ್ಸಿನಲ್ಲಿ ಹುಳುಕು ಮಾಲು ಎಷ್ಟೆಂದು ನೋಡಿದಂತೆ ಅನ್ನಿ” ಎಂದು ಸಾಹುಕಾರರು ವಿದ್ಯೆಯನ್ನು ಕ್ಷಣದಲ್ಲಿ ಸ್ವಂತ ಮಾಡಿಕೊಂಡರು.

ಮೇಷ್ಟ್ರಿಗೆ ಸಮಾಧಾನವಾಗಲಿಲ್ಲ. ರಿಜಿಸ್ಟರಿನಲ್ಲಿ ‘ಜ್ವರ, ಕೆಮ್ಮು, 3 ದಿನ’ ಎಂದು ಸಿಸ್ಟರ್ ಗೀಚಿದ ಒಂದು ಸಾಲಿನಿಂದ ಅದು ಫ್ಲೂ ಜ್ವರವೋ ಕೊರೋನಾವೋ ಎಂದು ಯಾವ ಪಂಡಿತ ಹೇಳಬಲ್ಲ ಎಂಬುದು ಅವರ ತಕರಾರು. ಯಾರೂ ಹೇಳಲಾರರು ಎಂದು ಇನ್‌ಸ್ಪೆಕ್ಟರು ಒಪ್ಪಿದರು. ವೈರಸ್ಸಿನ ಹೆಸರನ್ನು ಲ್ಯಾಬು ಹೇಳಬೇಕು. ಅಲ್ಲಿಯ ವರದಿ ಬರುವ ಹೊತ್ತಿಗೆ ಕೆಮ್ಮು ಇಡೀ ವಠಾರವನ್ನು ಸುತ್ತಿ ಬಂದಿರುತ್ತದೆ. ಆದ್ದರಿಂದಲೇ ನ್ಯೂಯಾರ್ಕ್ ನಗರವು 2001ರಿಂದ ರೋಗಿ ಬಾಗಿಲಲ್ಲೇ ಹೇಳಿಕೊಂಡ ತೊಂದರೆಯನ್ನು ಜ್ವರ, ಉಸಿರಾಟ, ವಾಂತಿಭೇದಿ ಎಂದು ವಿಂಗಡಿಸಿ ಪ್ರತಿದಿನ ಎಣಿಸತೊಡಗಿತು. ನಮ್ಮಲ್ಲಿಯೂ 2004ರಲ್ಲಿ ಆರಂಭವಾದ ರೋಗ ಕಣ್ಗಾವಲು ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆಯು ಕಂಡ ಲಕ್ಷಣಕ್ಕೆ ಎಸ್, ವೈದ್ಯರ ಅನುಮಾನಕ್ಕೆ ಪಿ, ಲ್ಯಾಬಿನ ಖಚಿತತೆಗೆ ಎಲ್ ಎಂಬ ಮೂರು ಫಾರಂಗಳಿದ್ದವು. (ಈ ಅಕ್ಷರಗಳನ್ನು ಹೇಳುವಾಗ ಇನ್‌ಸ್ಪೆಕ್ಟರ ಮುಖದಲ್ಲಿ ಪಿಂಚಣಿ ಬಂದ ದಿನದ ಕಳೆಯಿತ್ತು.) ಸುಮ್ಮನೆ ಕೆಮ್ಮಿದರೆ ಫ್ಲೂ ಲೆಕ್ಕಕ್ಕೆ ಸೇರಲಾಗದು; ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಫ್ಲೂ ಮಾದರಿಯ ಕಾಯಿಲೆಯೆನ್ನಲು ಕೆಮ್ಮಿನ ಜೊತೆಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರವಿರಬೇಕು, ಅದು 10 ದಿನಗಳೊಳಗೆ ಶುರುವಾಗಿರಬೇಕು.

“ಹಬ್ಬದ ಮರುದಿನ ಏನು ಮಾಡುತ್ತೀರಿ?” ಎಂದು ಮೇಷ್ಟ್ರು ಪಟ್ಟು ಬಿಡದೆ ಕೇಳಿದರು. “ಹೋಳಿಗೆ ತಿಂದವರೆಲ್ಲ ಹೊಟ್ಟೆ ಹಿಡಿದುಕೊಂಡು ಬಂದರೆ ಕೆಮ್ಮುವವರು ಅಷ್ಟೇ ಇದ್ದರೂ ಅವರ ಪಾಲು ಇಳಿಯಿತಲ್ಲ!”

ಈ ಪ್ರಶ್ನೆಗೆ ಇನ್‌ಸ್ಪೆಕ್ಟರು ಮೆಚ್ಚಿ ತಲೆದೂಗಿದರು. ಅದಕ್ಕೇ ಪಾಲಿನ ಜೊತೆಗೆ ತಲೆಯೆಣಿಕೆಯನ್ನೂ ಇಟ್ಟುಕೊಂಡು, ಹಿಂದಿನ ವರ್ಷಗಳ ಅದೇ ವಾರದೊಂದಿಗೆ ಹೋಲಿಸಬೇಕೆಂದರು.

ಸಾಹುಕಾರರ ಮುಖ ಸಣ್ಣದಾಯಿತು. “ಯುಗಾದಿಯ ರಾತ್ರಿ ಹೊಟ್ಟೆನೋವೆಂದು ಎಮರ್ಜೆನ್ಸಿಗೆ ಓಡಿದವನು ನಾನೇ. ಹಾಗಾದರೆ ಜಿಲ್ಲೆಯ ಕೆಮ್ಮಿನ ಪಾಲನ್ನು ಇಳಿಸಿದ್ದು ನಾನೋ?”

“ಮರುದಿನ ಮತ್ತೆ ಹೋಗಿ ಹೊಸ ಚೀಟಿ ಮಾಡಿಸಿದಿರಲ್ಲ, ಎರಡು ಸಲ ಇಳಿಸಿದಿರಿ” ಎಂದರು ಇನ್‌ಸ್ಪೆಕ್ಟರು.