ರೇಸ್ ಬಿಟ್ಟು ಬಂದ ಕುದುರೆಯನ್ನು ಡ್ರೆಸಾಜ್ ಶೋಗೆ ತಯಾರು ಮಾಡುವುದು ಹೇಗೆ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಬೆಂಗಳೂರು ರೇಸ್ ಕೋರ್ಸಿನಲ್ಲಿ ಓಡುತ್ತಿದ್ದ 5 ವರ್ಷದ ಥರೋಬ್ರೆಡ್ (ರೇಸ್ ತಳಿ) ಗೆಲ್ಡಿಂಗ್ (ಬೀಜ ತೆಗೆದ ಗಂಡು ಕುದುರೆ) ಹೆಸರಘಟ್ಟದ ಹತ್ತಿರದ ನಮ್ಮ ಲಾಯಕ್ಕೆ ಬಂದು 10 ದಿನ ಆಯ್ತು. ತೂಕ ಸುಮಾರು 450 ಕೆಜಿ. ಒಂದು ರೇಸೂ ಗೆದ್ದಿಲ್ಲ. ಹತ್ತಲು ಹೋದರೆ ನಿಲ್ಲುವುದಿಲ್ಲ, ಲಗಾಮು ಎಳೆದಷ್ಟೂ ಮುನ್ನುಗ್ಗುತ್ತದೆ, ಗರ್ತ್ (ಜೀನಿನ ಹೊಟ್ಟೆಪಟ್ಟಿ) ಬಿಗಿಯುವಾಗ ಕಚ್ಚಲು ಬರುತ್ತದೆ. ಈಗ ದಿನಕ್ಕೆ 6 ಕೆಜಿ ಓಟ್ಸ್, ಸ್ವಲ್ಪ ಹುಲ್ಲು ಕೊಡುತ್ತಿದ್ದೇವೆ. 3 ತಿಂಗಳಲ್ಲಿ ಡ್ರೆಸಾಜ್ (ಸವಾರನ ಸೂಚನೆಗೆ ತಕ್ಕಂತೆ ಕುದುರೆ ನಡೆ ತೋರಿಸುವ ಸ್ಪರ್ಧೆ) ಶೋಗೆ ಇಳಿಸಬಹುದೇ?

ಉತ್ತರ (ರೈಡಿಂಗ್ ಕೋಚ್): 3 ತಿಂಗಳಿಗೆ ಕುದುರೆಗೆ ಶೋ ತೋರಿಸಿಕೊಂಡು ಬನ್ನಿ, ಸ್ಪರ್ಧೆ ಬೇಡ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಎರಡು ತೊಂದರೆಯೇ ಅಲ್ಲ, ಅದು ಕಲಿತು ಬಂದ ಪಾಠ. ಜಾಕಿಯನ್ನು ಕಾಲು ಹಿಡಿದು ಎತ್ತಿ ಕೂರಿಸುತ್ತಾರೆ, ಕುದುರೆ ಆಗಲೂ ನಡೆಯುತ್ತಲೇ ಇರುತ್ತದೆ. ನಿಂತು ಹತ್ತಿಸಿಕೊಳ್ಳುವುದನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಲಗಾಮು ಬಿಗಿಯಾಯಿತು ಅಂದರೆ ಅದಕ್ಕೆ ಆಸರೆ ಸಿಕ್ಕಿತು, ಒರಗಿಕೊಂಡು ಓಡು ಅಂತ ಅರ್ಥ. ನೀವು ಬ್ರೇಕ್ ಅಂದುಕೊಂಡು ಒತ್ತುತ್ತಿರುವುದು ಅದರ ಪಾಲಿಗೆ ಆಕ್ಸಿಲರೇಟರ್. ಮೂರನೆಯದು, ಕಚ್ಚುವುದು, ನನ್ನ ಕೆಲಸ ಅಲ್ಲ. ಡಾಕ್ಟರ್ ಹೇಳಲಿ.

ಉತ್ತರ (ಪಶುವೈದ್ಯೆ): ಗರ್ತ್ ಬಿಗಿಯುವಾಗ ಕಚ್ಚುವುದನ್ನು ಸೊಕ್ಕು ಅಂತ ತಿಳಿದು ಹೊಡೆಯಬೇಡಿ. ಮೊದಲ ಅನುಮಾನ ಹೊಟ್ಟೆ ಹುಣ್ಣು. ಕುದುರೆಯ ಹೊಟ್ಟೆಯಲ್ಲಿ ಆಮ್ಲ ದಿನವಿಡೀ ಸುರಿಯುತ್ತಲೇ ಇರುತ್ತದೆ, ತಿನ್ನಲಿ ಬಿಡಲಿ. ಹುಲ್ಲು ಕಮ್ಮಿ, ಕಾಳು ಜಾಸ್ತಿ, ಖಾಲಿ ಹೊಟ್ಟೆಯಲ್ಲಿ ಓಟ ಅಂದರೆ ಆ ಆಮ್ಲ ಎರಚಿ ಹೊಟ್ಟೆಯ ಮೇಲ್ಭಾಗಕ್ಕೆ ತಗಲುತ್ತದೆ, ಅಲ್ಲಿ ರಕ್ಷಣೆಯ ಪದರ ಇಲ್ಲ. ಖಚಿತವಾಗಬೇಕಾದರೆ ಎಂಡೋಸ್ಕೋಪಿಯೇ ಆಗಬೇಕು, 3 ಮೀಟರ್ ಉದ್ದದ ಸ್ಕೋಪ್ ಬೇಕಾಗುತ್ತದೆ. ಹುಣ್ಣು ಕಂಡರೆ ಸಾಮಾನ್ಯವಾಗಿ ಓಮೆಪ್ರಜೋಲ್, ಕೆಜಿಗೆ 4 ಮಿಗ್ರಾಂ, ಬೆಳಿಗ್ಗೆ ಖಾಲಿ ಹೊಟ್ಟೆಗೆ, 28 ದಿನ. ನಿಮ್ಮ ಕುದುರೆಗೆ 1800 ಮಿಗ್ರಾಂ. ದಯವಿಟ್ಟು ಮೆಡಿಕಲ್ ಸ್ಟೋರಿನ ಮನುಷ್ಯರ ಕ್ಯಾಪ್ಸೂಲ್ ತಂದು ಅರೆದು ಕಲಸಬೇಡಿ. ಅರೆದರೆ ಕ್ಯಾಪ್ಸೂಲಿನೊಳಗಿನ ಪುಟ್ಟ ಗುಳಿಗೆಗಳ ಹೊದಿಕೆ ಹೋಗಿ ಆಮ್ಲವೇ ಔಷಧಿಯನ್ನು ಕೆಡಿಸುತ್ತದೆ. ಕುದುರೆಗೆಂದೇ ಬರುವ ಪೇಸ್ಟನ್ನು ವೈದ್ಯರಿಂದ ಬರೆಸಿಕೊಳ್ಳಿ.

ಹೊಟ್ಟೆ ಸರಿ ಇದ್ದೂ ಕಚ್ಚಿದರೆ ಬೆನ್ನಿನ ಎಕ್ಸ್‌ರೇ. ಥರೋಬ್ರೆಡ್‌ಗಳಲ್ಲಿ ಬೆನ್ನೆಲುಬಿನ ಮೇಲಿನ ಮುಳ್ಳುಗಳು ಒಂದಕ್ಕೊಂದು ತಾಗುವುದು ಅಪರೂಪ ಏನಲ್ಲ.

ಇನ್ನೊಂದು, ಮುಂಗಾಲು. ಪ್ರತಿದಿನ ಕೆಲಸಕ್ಕೆ ಮುಂಚೆ ಮೊಣಕಾಲಿನಿಂದ ಕೆಳಗೆ ಹಿಂಬದಿಯ ಸ್ನಾಯುರಜ್ಜುವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೇಲಿನಿಂದ ಕೆಳಕ್ಕೆ ಸವರಿ. ಎರಡೂ ಕಾಲು ಹೋಲಿಸಿ. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ಅಥವಾ ಒಂದು ಕಡೆ ಬಾಳೆಕಾಯಿ ಬೆನ್ನಿನ ಹಾಗೆ ಉಬ್ಬಿದ್ದರೆ ಅಂದು ಜೀನು ಬೇಡ, ಅಲ್ಟ್ರಾಸೌಂಡ್ ಮಾಡಿಸಿ. ಹರಿದ ರಜ್ಜು ಕೂಡಿಕೊಳ್ಳಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಕುಂಟು ನಿಂತಿತು ಅಂತ 2 ತಿಂಗಳಿಗೆ ಓಡಿಸಿದವರೇ ಮತ್ತೆ ನಮ್ಮ ಹತ್ತಿರ ಬರುವುದು.

ಪ್ರಶ್ನೆ: ಮೇಡಂ, ಮೇವು ಹೇಗೆ ಬದಲಿಸಲಿ? ಓಟ್ಸ್ ಒಮ್ಮೆಲೇ ನಿಲ್ಲಿಸಬಹುದಾ? ನಮ್ಮಲ್ಲಿ ರಾಗಿ ಹುಲ್ಲು ಧಾರಾಳ ಇದೆ.

ಉತ್ತರ (ಪಶುವೈದ್ಯೆ): ಒಮ್ಮೆಲೇ ಬೇಡ, ಹೊಟ್ಟೆಶೂಲೆಗೆ ದಾರಿ. 2-3 ದಿನಕ್ಕೊಮ್ಮೆ ಅರ್ಧ ಕೆಜಿ ಇಳಿಸಿ, 6 ಕೆಜಿಯಿಂದ 2ಕ್ಕೆ ಬರಲು 3 ವಾರ ಹಿಡಿಯುತ್ತದೆ. ಅದೇ ವೇಗದಲ್ಲಿ ಒಣಹುಲ್ಲು 8-9 ಕೆಜಿಗೆ ಏರಲಿ, ದಿನಕ್ಕೆ 4 ಸಲ ಹಂಚಿ. ರಾಗಿ ಹುಲ್ಲೊಂದನ್ನೇ ನಂಬಬೇಡಿ. ನಾರು ಒರಟು, ಸತ್ವ ಕಮ್ಮಿ, ನೀರು ಸಾಲದಿದ್ದರೆ ಕರುಳಿನಲ್ಲಿ ಗಟ್ಟಿ ಕಟ್ಟಿಕೊಳ್ಳುತ್ತದೆ. ರೋಡ್ಸ್ ಹುಲ್ಲು ಅಥವಾ ಓಟ್ಸ್ ಹುಲ್ಲು ಮುಖ್ಯವಾಗಿರಲಿ, ರಾಗಿ ಹುಲ್ಲು ಬಾಯಾಡಿಸಲಿಕ್ಕೆ. ಕೆಲಸಕ್ಕೆ ಅರ್ಧ ಗಂಟೆ ಮುಂಚೆ ಕತ್ತರಿಸಿದ ಕುದುರೆಮೆಂತೆ (ಲ್ಯೂಸರ್ನ್) ಒಂದೆರಡು ಹಿಡಿ ಕೊಟ್ಟರೆ ಅದರ ಕ್ಯಾಲ್ಸಿಯಂ ಆಮ್ಲವನ್ನು ತಣಿಸುತ್ತದೆ. ಹುರುಳಿ ಕೊಡುವ ರೂಢಿ ಇದ್ದರೆ ಬೇಯಿಸಿ, ಅರ್ಧ ಕೆಜಿ ಮೀರದಂತೆ. ಉಪ್ಪು 30 ಗ್ರಾಂ. ನೀರು ಸದಾ ಮುಂದೆ ಇರಲಿ.

ಉತ್ತರ (ಲಾಳ ಕಟ್ಟುವವರು): ಕಾಲಿನಲ್ಲಿರುವುದು ಅಲ್ಯೂಮಿನಿಯಂ ರೇಸ್ ಲಾಳವೇ ನೋಡಿ. ಹಗುರ, ಬೇಗ ಸವೆಯುತ್ತದೆ. ಹೆಚ್ಚಾಗಿ ಗೊರಸಿನ ಮುಂತುದಿ ಉದ್ದ, ಹಿಮ್ಮಡಿ ತಗ್ಗು ಆಗಿರುತ್ತದೆ, ಇದರಿಂದ ರಜ್ಜುವಿಗೇ ಹೊರೆ. ಒಂದೇ ಸಲಕ್ಕೆ ಕೋನ ತಿದ್ದಲು ಹೋಗಬೇಡಿ, 5 ವಾರಕ್ಕೊಮ್ಮೆಯಂತೆ 3-4 ಸುತ್ತಿನಲ್ಲಿ ತುದಿಯನ್ನು ಹಿಂದಕ್ಕೆ ತರಬೇಕು. ಲಾಳವಿಲ್ಲದೆ ಬಿಡುವ ಆಸೆ ಇದ್ದರೆ ಮೊದಲು ಹಿಂಗಾಲು ಮಾತ್ರ. ನಾಲ್ಕೂ ಒಟ್ಟಿಗೆ ತೆಗೆದು ಜಲ್ಲಿ ದಾರಿಯಲ್ಲಿ ನಡೆಸಿದರೆ ತೆಳು ಅಂಗಾಲಿನೊಳಗೆ ನೆತ್ತರು ಕಟ್ಟುತ್ತದೆ.

ಪ್ರಶ್ನೆ: ಸರ್, ಹಾಗಾದರೆ ಮೊದಲೆರಡು ತಿಂಗಳು ಕಟ್ಟಿಹಾಕಿ ಬಿಡಲೇ?

ಉತ್ತರ (ಕೋಚ್): ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಬೇಲಿಯೊಳಗೆ ಬಿಡಿ, ಮೊದಲ ದಿನ 15 ನಿಮಿಷ, ಪಕ್ಕದಲ್ಲಿ ಒಂದು ಸೌಮ್ಯ ಮುದಿ ಕುದುರೆ ಇರಲಿ. ದಿನಕ್ಕೆ 2 ಸಲ 20 ನಿಮಿಷ ಕೈಯಲ್ಲಿ ಹಿಡಿದು ನಡೆಸಿ. 3ನೇ ವಾರದಿಂದ ಲಂಜ್ (ಉದ್ದ ಹಗ್ಗ ಹಿಡಿದು ಸುತ್ತ ನಡೆಸುವುದು, ಓಡಿಸುವುದು), ವಾರಕ್ಕೆ 3 ದಿನ, 15 ನಿಮಿಷ, 20 ಮೀಟರ್ ವೃತ್ತಕ್ಕಿಂತ ಚಿಕ್ಕದು ಬೇಡ. ಮಾತು ಕಲಿಸಲು ಅದೇ ಜಾಗ. ನಡೆ, ಟ್ರಾಟ್ (ಹಗುರ ಓಟ), ನಿಲ್ಲು, ಮೂರೇ ಪದ, ಸೈಸ್‌ (ಕುದುರೆ ನೋಡಿಕೊಳ್ಳುವವರು) ಆದಿಯಾಗಿ ಎಲ್ಲರೂ ಅದೇ ಪದ ಹೇಳಬೇಕು.

ಹತ್ತುವುದಕ್ಕೆ ಒಂದು ವಾರ ಮೀಸಲಿಡಿ. ಹತ್ತುವ ಮೆಟ್ಟಿಲನ್ನು ಗೋಡೆಗೆ ಎದುರಾಗಿ, ಕುದುರೆ ನಡುವೆ ನಿಲ್ಲುವಷ್ಟು ಜಾಗ ಬಿಟ್ಟು ಇಡಿ. ಮೊದಲ ದಿನ ಅಲ್ಲಿಗೆ ಕರೆತನ್ನಿ, ನಿಲ್ಲಿಸಿ, ಹೆಗಲ ಮೇಲೆ ಕೆರೆಯಿರಿ, ಮುಂದೆ ನಡೆಸಿ. ಐದು ಸಲ. ಎರಡನೇ ದಿನ ನೀವು ಮೆಟ್ಟಿಲೇರಿ ಜೀನಿನ ಮೇಲೆ ಕೈ ಊರಿ. ಮೂರನೇ ದಿನ ಹೊಟ್ಟೆ ಊರಿ ಭಾರ ಹಾಕಿ ಇಳಿಯಿರಿ. ಒಂದು ಹೆಜ್ಜೆ ಸರಿದರೂ ಲಗಾಮು ಜಗ್ಗಬೇಡಿ, ಸುತ್ತು ಹಾಕಿಸಿ ಮತ್ತೆ ತನ್ನಿ. ಕೊನೆಗೆ ಕೂತ ಮೇಲೆ ಹತ್ತು ಎಣಿಸುವ ತನಕ ಅಲ್ಲಾಡದೆ ಕೂತಿರಿ, ಬಗ್ಗಿ ಒಂದು ತುಂಡು ಗಜ್ಜರಿ ಕೊಡಿ. ಕುತ್ತಿಗೆ ತಿರುಗಿಸಿ ತಿನ್ನುತ್ತದಲ್ಲ, ಆಗ ಮುಂದಕ್ಕೆ ಹೊರಡಲು ಆಗುವುದಿಲ್ಲ.

ಜಾಕಿಯ ಮೊಣಕಾಲು ಹೆಗಲ ಹತ್ತಿರ ಇರುತ್ತದೆ, ಪಕ್ಕೆಗೆ ಕಾಲು ತಾಗುವುದೇ ಇದಕ್ಕೆ ಹೊಸದು. ರಿಕಾಪನ್ನು (ಸವಾರ ಪಾದ ಊರುವ ಬಳೆ) ಗಿಡ್ಡವಾಗಿಟ್ಟು ಶುರು ಮಾಡಿ, 2-3 ದಿನಕ್ಕೆ ಒಂದು ತೂತು ಇಳಿಸಿ. ಕಡಿವಾಣ ಸಾದಾ ಸ್ನ್ಯಾಫಲ್ ಸಾಕು, ಗಡಸು ಕಡಿವಾಣಕ್ಕೆ ಹೋದರೆ ಇನ್ನೂ ಒರಗುತ್ತದೆ. ನಿಧಾನಿಸಬೇಕಾದಾಗ ಉಸಿರು ಬಿಟ್ಟು ಆಳವಾಗಿ ಕೂತು, ವೃತ್ತಕ್ಕೆ ತಿರುಗಿಸಿ, ಒಳ ಲಗಾಮು ಹಿಡಿದು ಬಿಡಿ, ಹಿಡಿದು ಬಿಡಿ. ಎರಡೂ ಲಗಾಮು ಒಟ್ಟಿಗೆ ಬಿಗಿ ಹಿಡಿದರೆ ರೇಸ್ ಶುರು ಅಂತಲೇ ಲೆಕ್ಕ. ಕ್ಯಾಂಟರ್ (ಟ್ರಾಟ್‌ಗಿಂತ ವೇಗದ ಓಟ) ಕೊನೆಗೆ, ವೃತ್ತದ ಮೇಲೆ ಮಾತ್ರ, ಹಿಂದಿನಿಂದ ಇನ್ನೊಂದು ಕುದುರೆ ದೌಡಾಯಿಸಿ ಬಾರದ ಹೊತ್ತು ನೋಡಿ. ಬೆನ್ನಿಗೆ ಮಾಂಸ ತುಂಬಿದಂತೆ ಜೀನು ಹೊಂದದಾಗುತ್ತದೆ, 6-8 ವಾರಕ್ಕೊಮ್ಮೆ ಕೂತ ರೀತಿ ನೋಡಿಸಿ. ಟ್ರಾಟ್ ಸರಾಗವಾದ ಮೇಲೆ ನೆಲದ ಮೇಲೆ ಒಂದು ಕಂಬ, ಆಮೇಲೆ ಮೂರು, ನಡುವೆ 1.3 ಮೀಟರ್. ಹೆಜ್ಜೆ ಉದ್ದದ ಕುದುರೆ ಅನ್ನಿಸಿದರೆ 1.4.

ಗೆದ್ದಿಲ್ಲ ಅನ್ನುವ ಚಿಂತೆ ಬಿಡಿ. ರೇಸಿನಲ್ಲಿ ಹೆಸರು ಮಾಡದ ಟಚ್ ಆಫ್ ಕ್ಲಾಸ್ ಎಂಬ ಥರೋಬ್ರೆಡ್ ಹೆಣ್ಣು ಕುದುರೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಜಿಗಿತದಲ್ಲಿ ಜೋ ಫಾರ್ಗಿಸ್ ಜೊತೆ ವೈಯಕ್ತಿಕ, ತಂಡ ಎರಡೂ ಚಿನ್ನ ಗೆದ್ದಿತು.

ಪ್ರಶ್ನೆ: ಶೋ ದಿನ ಏನು ನೋಡಿಕೊಳ್ಳಬೇಕು? ಕಾಗದ ಪತ್ರ ಏನೇನು?

ಉತ್ತರ (ಕೋಚ್): ವಾಹನ, ಜನ, ಧ್ವನಿವರ್ಧಕ ಸೇರಿದರೆ ಇದಕ್ಕೆ ಒಂದೇ ಅರ್ಥ, ಇವತ್ತು ಓಟ. ಆದ್ದರಿಂದ ಮೊದಲ ಸಲ ಹೆಸರು ಕೊಡದೆ ಕರೆದೊಯ್ಯಿರಿ. 2-3 ಗಂಟೆ ಮುಂಚೆ ತಲುಪಿ ಹುಲ್ಲಿನ ಬಲೆ ಕಟ್ಟಿ, ಕೈಯಲ್ಲಿ ನಡೆಸಿ, ಬೆವರು ಆರುವವರೆಗೆ ಅಲ್ಲೇ ಇದ್ದು ಹೊರಡಿ. ಎರಡನೇ ಸಲ 20×40 ಮೀಟರ್ ಅಂಗಳದ, ನಡೆ ಮತ್ತು ಟ್ರಾಟ್ ಮಾತ್ರ ಇರುವ ಪರೀಕ್ಷೆಗೆ ಇಳಿಸಿ. ಬೆಚ್ಚಗಾಗಿಸುವ ಅಂಗಳ ಖಾಲಿ ಇರುವ ಹೊತ್ತಿಗೆ ಹೋಗಿ, ಅಲ್ಲಿ ಕೆಟ್ಟರೆ ಒಳಗೆ ಸರಿಹೋಗುವುದಿಲ್ಲ.

ಉತ್ತರ (ಪಶುವೈದ್ಯೆ): ಥರೋಬ್ರೆಡ್‌ಗಳನ್ನು ನೋಂದಾಯಿಸುವ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾದ ಪಾಸ್‌ಪೋರ್ಟ್ ಹಿಂದಿನ ಮಾಲೀಕರಿಂದ ಈಗಲೇ ಪಡೆಯಿರಿ, ಮೈಮೇಲಿನ ಗುರುತು, ಮೈಕ್ರೋಚಿಪ್ ಸಂಖ್ಯೆ ತಾಳೆ ನೋಡಿ. ಆಯೋಜಕರು ಗ್ಲ್ಯಾಂಡರ್ಸ್ ಪರೀಕ್ಷೆಯ ವರದಿ ಕೇಳಿದರೆ ಬೇಸರಿಸಬೇಡಿ, ಅದು ಮನುಷ್ಯರಿಗೂ ಹರಡುವ ರೋಗ, ಲಸಿಕೆ ಇಲ್ಲ. ಇನ್‌ಫ್ಲುಯೆಂಜಾ ಲಸಿಕೆಗೆ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ ನಿಯಮ ಹೀಗಿದೆ: ಬೂಸ್ಟರ್ 6 ತಿಂಗಳು 21 ದಿನದೊಳಗಿನದ್ದಾಗಿರಬೇಕು, ಆದರೆ ಶೋ ಜಾಗಕ್ಕೆ ಬರುವ ಹಿಂದಿನ 7 ದಿನಗಳಲ್ಲಿ ಹಾಕಿಸಿರಬಾರದು. ಅದೇ ನಿಯಮದಲ್ಲಿ ಓಮೆಪ್ರಜೋಲ್‌ಗೆ ಅಡ್ಡಿಯಿಲ್ಲ. ನೋವಿಗೆ ಬ್ಯೂಟ್, ಶಾಂತವಾಗಲಿ ಅಂತ ಎಸಿಪಿ ಕೊಟ್ಟು ಇಳಿಸಿದರೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ. ಶೋಗೆ ಮುನ್ನ ಯಾವ ಔಷಧಿ ಕೊಟ್ಟರೂ ತಾರೀಕು, ಪ್ರಮಾಣ ಪುಸ್ತಕದಲ್ಲಿ ಬರೆದಿಡಿ.