ಸಹಾಯ ಬೇಕು: ಹೊಸ ಚರ್ಚ್ ಕಟ್ಟಿದ ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರವಲಯದ ಕಥೋಲಿಕ ಧರ್ಮಕೇಂದ್ರ (ಪ್ಯಾರಿಷ್) ನಮ್ಮದು. ಸುತ್ತಮುತ್ತ ಅಪಾರ್ಟ್‌ಮೆಂಟ್‌ಗಳು ಎದ್ದ ಮೇಲೆ ಚರ್ಚ್ ಸಾಲುತ್ತಿಲ್ಲ. ಭಾನುವಾರ ಕನ್ನಡ ಪೂಜೆ ಮುಗಿಯುವ ಮೊದಲೇ ತಮಿಳಿನವರು ಬಾಗಿಲಲ್ಲಿ, ಕೊಂಕಣಿಯವರು ಗೇಟಲ್ಲಿ. ಕಳೆದ ಗರಿಗಳ ಭಾನುವಾರ (ಈಸ್ಟರ್‌ಗೆ ಹಿಂದಿನ ಭಾನುವಾರ) ನನ್ನ ಅತ್ತೆ ಶಾಮಿಯಾನದಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಹೊರಗಿನ ಸ್ಪೀಕರ್‌ನ ಕರಕರ ಸದ್ದಿನಲ್ಲೇ ಪೂಜೆ ಕೇಳಿಸಿಕೊಂಡರು.

ಈಗ ಹೊಸ ಕಟ್ಟಡದ ಮಾತು. ಕಟ್ಟಡ ಸಮಿತಿಗೆ ನನ್ನನ್ನೂ ಎಳೆದು ಹಾಕಿದ್ದಾರೆ (ನಾನು ಅಕೌಂಟ್ಸ್‌ನವಳು, ಸಿಮೆಂಟ್ ಗೊತ್ತಿಲ್ಲ!). ಧರ್ಮಾಧ್ಯಕ್ಷರ (ಬಿಷಪ್) ಲಿಖಿತ ಒಪ್ಪಿಗೆ ಇಲ್ಲದೆ ಚರ್ಚ್ ಕಟ್ಟುವಂತಿಲ್ಲ, ಅವರೂ ಗುರುಗಳ ಮಂಡಳಿಯನ್ನೂ ಅಕ್ಕಪಕ್ಕದ ಚರ್ಚ್‌ಗಳ ಗುರುಗಳನ್ನೂ ಕೇಳಬೇಕು ಅಂತ ಕಥೋಲಿಕ ಧರ್ಮಸಭೆಯ ಕಾನೂನಿನ 1215ನೇ ನಿಯಮ (ಕ್ಯಾನನ್ 1215) ಹೇಳುತ್ತದೆ. ಅಷ್ಟು ಓದಿಕೊಂಡಿದ್ದೇನೆ.

ನನಗೆ ಬೇಕಿರುವುದು ಇದು: 15-20 ವರ್ಷಕ್ಕೆ ಎಷ್ಟು ಕುಟುಂಬ ಬರಬಹುದು ಅಂತ ನೀವು ಹೇಗೆ ಅಂದಾಜು ಮಾಡಿದಿರಿ? ಜ್ಞಾನಸ್ನಾನದ ರಿಜಿಸ್ಟರ್ ನೋಡಿದರೆ ಸಾಲದು, ಬಾಡಿಗೆ ಮನೆಯವರ ಹೆಸರು ಅದರಲ್ಲಿ ಇರುವುದೇ ಇಲ್ಲ. ಹಳೇ ಚರ್ಚ್ ಉಳಿಸಿಕೊಂಡೇ ಪಕ್ಕದಲ್ಲಿ ಕಟ್ಟಿದವರಿದ್ದಾರಾ? ಹಂತಹಂತವಾಗಿ ಕಟ್ಟಿದರೆ ಖರ್ಚು ಕೈಮೀರುತ್ತದಾ? ಪ್ರತಿಧ್ವನಿ ಬಗ್ಗೆಯೂ ದಯವಿಟ್ಟು ಹೇಳಿ. ಎತ್ತರದ ಗುಮ್ಮಟ ಬೇಕೆಂದು ಕೆಲವರ ಹಠ, ನನಗೋ ಪೂಜೆಯಲ್ಲಿ ಫಾದರ್ ಮಾಡುವ ಪ್ರಬೋಧನೆ ಕೇಳಿಸಿದರೆ ಸಾಕು.

ಮುಂದಿನ ವಾರ ಸಭೆ ಇದೆ. ಇಲ್ಲೇ ಬರೆಯಿರಿ, ಪ್ರಿಂಟ್ ತೆಗೆದು ಫಾದರ್ ಮುಂದೆ ಇಡುತ್ತೇನೆ.