ವಾರದ ಪತ್ರದಲ್ಲಿ ಮಕ್ಕಳ ಹೆಸರು ಹಾಕಬೇಕಾ? ಅನುಭವ ಇದ್ದವರು ಹೇಳಿ

ಹೊಸ ಉಪಪ್ರಾಂಶುಪಾಲೆ
ಈ ವರ್ಷ ಹೈಸ್ಕೂಲಿನ ಉಸ್ತುವಾರಿ ನನ್ನ ಪಾಲಿಗೆ ಬಂದಿದೆ. 46 ಶಿಕ್ಷಕರಿದ್ದಾರೆ. ಪ್ರತಿ ಶುಕ್ರವಾರ ಸಿಬ್ಬಂದಿಗೆಲ್ಲ ಒಂದು ಪತ್ರ ಹೋಗಬೇಕು, ಯಾವ ಮಕ್ಕಳಿಗೆ ಏನು ನೆರವು ಬೇಕು ಅನ್ನೋದು ಅದರಲ್ಲಿರಬೇಕು ಅಂತ ಹೇಳಿದ್ದಾರೆ. ಹೆಸರು ಹಾಕಲಾ, ಬೇಡವಾ? ಎಷ್ಟು ಉದ್ದ ಇರಬೇಕು? ನೀವು ಹೇಗೆ ಮಾಡ್ತೀರಿ?

11 ವರ್ಷ ಪತ್ರ ಬರೆದವಳು
ಹೆಸರು ಹಾಕಲೇಬೇಡಿ. ನಾನು ಹಾಕಿದ್ದೆ. ‘9ನೇ ಬಿ ವಿಭಾಗದ ಇಂಥ ಹುಡುಗಿ, ತಂದೆ ತೀರಿಕೊಂಡ ಮೇಲೆ ನಿದ್ದೆ ಮಾಡ್ತಿಲ್ಲ, ಆಪ್ತಸಮಾಲೋಚನೆ ನಡೀತಿದೆ, ಸ್ವಲ್ಪ ನೋಡಿಕೊಳ್ಳಿ.’ ಒಳ್ಳೇ ಮನಸ್ಸಿನಿಂದಲೇ ಬರೆದದ್ದು. ಯಾರೋ ಅದನ್ನು ಪ್ರಿಂಟ್ ತೆಗೆದು ಟ್ರೇಯಲ್ಲೇ ಬಿಟ್ಟು ಹೋದರು. ಪ್ರಶ್ನೆಪತ್ರಿಕೆ ತರಲು ಬಂದ ಹುಡುಗರ ಕೈಗೆ ಸಿಕ್ಕಿತು. ಮಧ್ಯಾಹ್ನದ ಬೆಲ್ ಹೊಡೆಯುವಷ್ಟರಲ್ಲಿ ಅದರ ಫೋಟೋ ಎಲ್ಲ ಮೊಬೈಲುಗಳಲ್ಲಿತ್ತು.

ಹುಡುಗಿ 23 ದಿನ ಶಾಲೆಗೆ ಬರಲಿಲ್ಲ. ನಾಲ್ಕು ಸಲ ಅವರ ಮನೆಗೆ ಹೋದೆ. ಮೂರನೇ ಸಲ ಅವಳ ತಾಯಿ ಬಾಗಿಲು ಅರ್ಧ ತೆರೆದು, ಚಿಲಕದ ಮೇಲಿನ ಕೈ ತೆಗೆಯದೆ, ‘ನಾವು ನಿಮಗೆ ಮಾತ್ರ ಹೇಳಿದ್ವಿ’ ಅಂದರು. ಆ ಹಾಳೆ ಈಗಲೂ ನನ್ನ ಡ್ರಾಯರ್‌ನಲ್ಲಿದೆ, ನಾಲ್ಕು ಮಡಿಕೆಯಾಗಿ. ಆಮೇಲೆ ನನ್ನ ಪತ್ರದಲ್ಲಿ ಒಂದೇ ಒಂದು ಹೆಸರೂ ಬಂದಿಲ್ಲ.

ದೈಹಿಕ ಶಿಕ್ಷಕ
ಹೆಸರಿಲ್ಲದ ಪತ್ರ ಏನು ಮಾಡುತ್ತೆ ಅಂತ ನಾನು ಹೇಳ್ತೀನಿ. ನಮ್ಮ ಪತ್ರದಲ್ಲಿ ‘ಕೆಲವು ವಿದ್ಯಾರ್ಥಿಗಳಿಗೆ ಆರೋಗ್ಯದ ತೊಂದರೆ ಇದೆ, ಎಚ್ಚರವಿರಲಿ’ ಅಂತಿತ್ತು. ಯಾರು? ಏನು ತೊಂದರೆ? ಗೊತ್ತಿಲ್ಲ. ನಾನು ರಜೆಯಲ್ಲಿದ್ದ ದಿನ ಮೈದಾನದಲ್ಲಿ ಒಬ್ಬ ಹುಡುಗನಿಗೆ ಫಿಟ್ಸ್ ಬಂತು. ಬದಲಿಗೆ ಬಂದಿದ್ದ ಮೇಷ್ಟ್ರು ಗಾಬರಿಯಾಗಿ ಕೈಕಾಲು ಒತ್ತಿ ಹಿಡಿದರು, ಹಲ್ಲಿನ ಮಧ್ಯೆ ಸ್ಕೇಲ್ ತುರುಕಿದರು. ಮುಂದಿನ ಹಲ್ಲು ಅರ್ಧ ಮುರಿಯಿತು.

ಬಾಯಿಗೆ ಏನೂ ಹಾಕಬಾರದು, ಒತ್ತಿ ಹಿಡಿಯಬಾರದು, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು ಪಕ್ಕಕ್ಕೆ ಹೊರಳಿಸಬೇಕು, ಗಡಿಯಾರ ನೋಡಬೇಕು, 5 ನಿಮಿಷ ದಾಟಿದರೆ ಆಂಬುಲೆನ್ಸ್. ಮೂರು ಸಾಲಿನ ವಿಷಯ. ಅವತ್ತು ಯಾರೂ ಗಡಿಯಾರ ನೋಡಿರಲಿಲ್ಲ. ಎಷ್ಟು ಹೊತ್ತು ಇತ್ತು ಅಂತ ಡಾಕ್ಟರ್ ಕೇಳಿದಾಗ ಒಬ್ಬೊಬ್ಬರು ಒಂದೊಂದು ಹೇಳಿದರು. ಹೆಸರು ಮುಚ್ಚಿಟ್ಟು ಯಾರನ್ನು ಕಾಪಾಡಿದ ಹಾಗಾಯ್ತು ಮೇಡಂ?

11 ವರ್ಷ ಪತ್ರ ಬರೆದವಳು
ಎರಡನ್ನೂ ಯಾಕೆ ಬೆರೆಸ್ತೀರಿ? ಫಿಟ್ಸ್ ವಿಷಯ ವಾರದ ಪತ್ರಕ್ಕೆ ಸೇರಿದ್ದಲ್ಲ. ಶಾಲೆ ಶುರುವಾದ ದಿನವೇ ಆ ಹುಡುಗನಿಗೆ ಪಾಠ ಮಾಡುವವರ ಕೈಗೆ ಕೊಡಬೇಕಾದ ಹಾಳೆ ಅದು.

ದೈಹಿಕ ಶಿಕ್ಷಕ
ಬದಲಿ ಮೇಷ್ಟ್ರು ಬಂದದ್ದು ಏಳನೇ ವಾರ. ಮೊದಲ ದಿನ ಅವರೆಲ್ಲಿದ್ದರು? ನಿಮ್ಮ ವ್ಯವಸ್ಥೆಯಲ್ಲಿ ಅವರಿಗೆ ಜಾಗವೇ ಇಲ್ಲ.

ಹಾಜರಿ ಪುಸ್ತಕದವನು
ಹೆಸರಿನ ಜಗಳ ಆಮೇಲೆ. ಮೊದಲು ಹಾಜರಿ ನೋಡಿ. ‘ಈ ವಾರ ಶಾಲೆಯ ಹಾಜರಿ 94%’ ಅಂತ ನಮ್ಮಲ್ಲಿ ಪ್ರತಿ ವಾರ ಹೆಮ್ಮೆಯಿಂದ ಬರೀತಿದ್ದರು. ನನಗೆ ಸಮಾಧಾನವಾಗಲಿಲ್ಲ. ಆರು ಭಾನುವಾರ ಕೂತು ಒಂದೊಂದೇ ಪುಸ್ತಕ ತೆಗೆದು ಮಗುವಾರು ಎಣಿಸಿದೆ. ಕೆಲಸದ ದಿನಗಳಲ್ಲಿ ನೂರಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು ತಪ್ಪಿಸಿದವರನ್ನು ಕೆಂಪು ಪೆನ್ನಲ್ಲಿ ಗುರುತು ಹಾಕುತ್ತಾ ಹೋದೆ; 412 ಮಕ್ಕಳಲ್ಲಿ 67 ಜನ. 200 ದಿನದ ವರ್ಷದಲ್ಲಿ ತಿಂಗಳಿಗೆ ಎರಡೇ ದಿನ ತಪ್ಪಿದರೂ ನೂರಕ್ಕೆ 10 ಆಗುತ್ತೆ. ಯಾವ ವಾರದಲ್ಲೂ ಅದು ಯಾರ ಕಣ್ಣಿಗೂ ಬೀಳಲ್ಲ. ಸರಾಸರಿ ಆ 67 ಮಕ್ಕಳನ್ನು ನುಂಗಿಹಾಕಿತ್ತು.

ತರಗತಿವಾರು ಪಟ್ಟಿ ಪತ್ರದಲ್ಲಿ ಹಾಕಿದೆ. ‘ನನ್ನ ಕ್ಲಾಸಿನ ಮಾನ ಕಳೆದಿರಿ’ ಅಂತ ಒಬ್ಬರು ಎರಡು ತಿಂಗಳು ಮಾತು ಬಿಟ್ಟರು. ಬಿಡಲಿ. ಇವತ್ತೂ ನಾನು ಮಾಡಿದ್ದು ಸರಿ ಅಂತಲೇ ಹೇಳ್ತೀನಿ.

10ನೇ ತರಗತಿ ಶಿಕ್ಷಕಿ
ಮಾತು ಬಿಟ್ಟವರ ನೋವು ನನಗೆ ಅರ್ಥವಾಗುತ್ತೆ. ಎಣಿಸಿದ್ದು ನೀವು, ಸರಿ. ಆದರೆ ಪೀರಿಯಡ್ ಮುಗಿಸಿ ಆ ಮಕ್ಕಳ ಮನೆಗೆ ಫೋನ್ ಮಾಡುವವರು ಯಾರು? ನಾವೇ ತಾನೆ.

ನನ್ನ ಕಥೆ ಬೇರೆ. ಡಿಸ್ಲೆಕ್ಸಿಯಾ (ಓದು-ಬರಹದ ಕಲಿಕೆಯ ತೊಂದರೆ) ಇರುವ ಹುಡುಗನೊಬ್ಬನಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮಂಜೂರಾಗಿತ್ತು. ಅದು ಪತ್ರದಲ್ಲಿ ಬಂದದ್ದೂ ನಿಜ, ನಾಲ್ಕನೇ ಪುಟದಲ್ಲಿ, ವಾಹನ ನಿಲ್ಲಿಸುವ ಸೂಚನೆಯ ಕೆಳಗೆ. ನಾನು ಓದಿರಲಿಲ್ಲ. ಬೆಲ್ ಆದ ತಕ್ಷಣ ಅವನ ಪೇಪರ್ ಎಳೆದುಕೊಂಡೆ. ಅವನು ಏನೂ ಹೇಳಲಿಲ್ಲ, ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. ಕೊನೆಯ ಎರಡು ಪ್ರಶ್ನೆ ಖಾಲಿ ಇತ್ತು. ಒಂದು ಪುಟ ದಾಟಿದ ಪತ್ರ ಪತ್ರವೇ ಅಲ್ಲ.

ಇನ್ನೊಂದು. ನೆರವು ಬೇಕು ಅಂತ ನಾವು ಆಪ್ತಸಮಾಲೋಚಕರಿಗೆ ಚೀಟಿ ಕಳಿಸ್ತೀವಿ. ಮುಂದೆ ಏನಾಯ್ತು ಅಂತ ಯಾರೂ ಹೇಳಲ್ಲ. ಒಂದೇ ಹುಡುಗಿಯ ಬಗ್ಗೆ ಮೂರು ಸಲ ಚೀಟಿ ಕೊಟ್ಟೆ, ಉತ್ತರವಿಲ್ಲ. ನಾಲ್ಕನೆಯದು ಕೊಡಲಿಲ್ಲ.

ಶಾಲಾ ಆಪ್ತಸಮಾಲೋಚಕಿ
ಮಕ್ಕಳು ನನ್ನೆದುರು ಹೇಳಿದ್ದನ್ನು ಹೇಳಲು ಆಗಲ್ಲ. ಪ್ರಾಣಕ್ಕೆ ಅಪಾಯ ಅನ್ನಿಸಿದರೆ ಮಾತ್ರ, ಅದೂ ತಿಳಿಯಲೇಬೇಕಾದವರಿಗಷ್ಟೇ. ಇದನ್ನು ಎಷ್ಟು ಸಲ ವಿವರಿಸಲಿ?

10ನೇ ತರಗತಿ ಶಿಕ್ಷಕಿ
ಅವಳು ಏನು ಹೇಳಿದಳು ಅಂತ ಕೇಳಿದ್ದು ಯಾರು? ‘ಚೀಟಿ ಸಿಕ್ಕಿದೆ, ಭೇಟಿ ಆಗಿದೆ, ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಕೂರಲು ಬಿಡಿ.’ ಇಷ್ಟು ಬರೆದರೆ ಯಾವ ಗುಟ್ಟು ಒಡೆಯುತ್ತೆ?

ಶಾಲಾ ಆಪ್ತಸಮಾಲೋಚಕಿ
ಒಬ್ಬಳೇ ಇಡೀ ಶಾಲೆ ನೋಡ್ತೀನಿ ಮೇಡಂ. ಆದರೂ ಈ ಮಾತು ಒಪ್ಪಿದೆ. ‘ಚೀಟಿ ಸಿಕ್ಕಿದೆ’ ಅನ್ನೋದನ್ನಾದರೂ ಅದೇ ದಿನ ತಿಳಿಸಬಹುದಿತ್ತು.

ಹಾಜರಿ ಪುಸ್ತಕದವನು
ಪತ್ರ ಶುಕ್ರವಾರ ಬೇಡ, ಸೋಮವಾರ ಬೆಳಿಗ್ಗೆ ಕೊಡಿ. ಶುಕ್ರವಾರ ಸಂಜೆ ಬಂದದ್ದನ್ನು ಸೋಮವಾರ ಯಾರೂ ತೆರೆಯಲ್ಲ.

11 ವರ್ಷ ಪತ್ರ ಬರೆದವಳು
ಸೋಮವಾರ ಬೆಳಿಗ್ಗೆ ಓದಿ ಅದೇ ಪೀರಿಯಡ್‌ನಲ್ಲಿ ಜಾರಿ ಮಾಡೋಕಾಗುತ್ತಾ? ಗುರುವಾರ ಕೊಡಿ. ಒಂದು ಕೆಲಸದ ದಿನ ಕೈಯಲ್ಲಿರುತ್ತೆ.

ದೈಹಿಕ ಶಿಕ್ಷಕ
ದಿನ ಯಾವುದಾದರೂ ಆಗಲಿ, ಬದಲಿ ಮೇಷ್ಟ್ರಿಗೆ ತಲುಪುತ್ತಾ? ನಾನು ಕೇಳಿದ್ದು ಅಷ್ಟೇ.

ಹೊಸ ಉಪಪ್ರಾಂಶುಪಾಲೆ
ಈಗಷ್ಟೇ ನಮ್ಮ ಮೇಲ್ ಪಟ್ಟಿ ತೆರೆದು ನೋಡಿದೆ. ತಾತ್ಕಾಲಿಕವಾಗಿ ಬಂದಿರುವ ಐದು ಜನರಲ್ಲಿ ಒಬ್ಬರ ವಿಳಾಸವೂ ಇಲ್ಲ. ಕಳೆದ ವರ್ಷ ಬಿಟ್ಟುಹೋದ ಇಬ್ಬರ ವಿಳಾಸ ಇನ್ನೂ ಇದೆ. ಈ ವಾರದ ಪತ್ರ ತಡೆಹಿಡಿದಿದ್ದೇನೆ.